ಗಂಟಲಲ್ಲಿ ಏನೂ ಇಲ್ಲ

ಜೂನ್ 3

ಎರಡನೇ ಪಾಳಿ. ಬಸ್ ನಿಲ್ದಾಣದ ಗಾಜಿನ ಗೂಡು, ಮೈಕು, ಬಿಸಿಗಾಳಿ ತಿರುವುವ ಫ್ಯಾನು. ನಾಲ್ಕು ಬಸ್ಸು ತಡ, ಒಂದು ರದ್ದು — ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದೆ. ಪ್ರಯಾಣಿಕರ ಬೈಗುಳ ಗಾಜಿನಾಚೆಗೇ ಉಳಿಯಿತು.

ಮನೆಗೆ ಬಂದರೆ ಮಗಳ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ನಿನ್ನೆ ಶಾಲೆಯಲ್ಲಿ ಪಕ್ಕದ ಹುಡುಗನ ಗಂಟಲಿಗೆ ಸೇಬಿನ ಹೋಳು ಸಿಕ್ಕಿಕೊಂಡಿತಂತೆ. ಮುಖ ನೀಲಿ. ಟೀಚರ್ ಬೆನ್ನಿಗೆ ಗುದ್ದಿ ಹೊರಗೆ ಬೀಳಿಸಿದರಂತೆ. ಇವತ್ತು ಅವನು ಮೈದಾನದಲ್ಲಿ ಕುಣಿಯುತ್ತಿದ್ದನಂತೆ. ನೋಡಿದ ಇವಳನ್ನು ಮಾತ್ರ ಹೆದರಿಕೆ ಇನ್ನೂ ಬಿಟ್ಟಿಲ್ಲ.

“ತಿಂದರೆ ತುತ್ತು, ಕೊಡುವೆ ಮುತ್ತು,” ಎಂದೆ.

“ಪ್ರಾಸ ನುಂಗೋಕಾಗಲ್ಲ ಅಪ್ಪ.”

ಒಂಬತ್ತು ವರ್ಷದ ಬಾಯಿ! ನಕ್ಕೆ. ನಾಳೆ ಸರಿಹೋದೀತು.

ಜೂನ್ 9

ಸರಿಹೋಗಲಿಲ್ಲ. ಮೊದಲು ಸಣ್ಣ ಚೂರು ಮಾಡಿದೆವು. ಆಮೇಲೆ ಹಿಸುಕಿದೆವು. ಈಗ ಮಿಕ್ಸಿ. ನಾವೊಂದು ಮೆಟ್ಟಿಲು ಇಳಿದರೆ ಅವಳು ಮತ್ತೊಂದು ಇಳಿಯುತ್ತಾಳೆ.

“ಹಟ ಕಣ್ರೀ ಇದು,” ಅತ್ತೆಯ ತೀರ್ಪು. “ಒಂದಿನ ಉಪವಾಸ ಕೆಡವಿ, ತಾನೇ ತಿಂತಾಳೆ.”

“ಅಮ್ಮ, ಸುಮ್ನಿರು. ಇಲ್ಲಾಂದ್ರೆ ನಿನ್ನನ್ನೇ ಕೆಡವ್ತೀನಿ,” ಎಂದಳು ನನ್ನವಳು.

ಅತ್ತೆ ಗಪ್‌ಚುಪ್ಪು, ಮಗಳಿಗೆ ಬರೀ ಸೂಪು. ಪ್ರಾಸ ಕೂಡಿತು. ತೂಕ ಕೂಡಲಿಲ್ಲ.

ಜೂನ್ 17

ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿದರು. “ಏನೂ ಇಲ್ಲ. ಹೆದ್ದಾರಿ ಥರ ಇದೆ.” ಹಿಂತಿರುಗುವಾಗ ಮಗಳು ಕಿಟಕಿ ಕಡೆ ನೋಡುತ್ತಾ ಹೇಳಿದಳು: “ಅವರು ನೋಡುವಾಗ ತೆಗೆದಿತ್ತು. ತಿನ್ನೋವಾಗ ಮುಚ್ಕೊಳ್ಳುತ್ತೆ.”

ಸಂಜೆ ಚೂರೇ ಚೂರು ಬಾಳೆಹಣ್ಣು. ಬಾಯಿಗಿಟ್ಟಳು... ಕತ್ತನ್ನು ಪರಚಿಕೊಂಡಳು. “ಉಸಿರು ಬರ್ತಿಲ್ಲ ಅಪ್ಪ, ಸಾಯ್ತೀನಿ.” ಹಣ್ಣು ಆಗಲೇ ನೆಲದ ಮೇಲಿತ್ತು, ಗಂಟಲಲ್ಲಿ ಏನೂ ಇರಲಿಲ್ಲ. ಎತ್ತಿಕೊಂಡೆ. ಸ್ಟಾರ್ಟ್ ಆಗದ ಬಸ್ಸಿನ ಹಾಗೆ ಅವಳ ಇಡೀ ಮೈ ಅದುರುತ್ತಿತ್ತು.

ಜುಲೈ 1

ಮುಂಚೆ ಮಗಳನ್ನು ತಮಾಷೆಗೆ ‘ಕಡ್ಡಿ’ ಎಂದು ಕರೆಯುತ್ತಿದ್ದೆ. ಈಗ ಬಾಯಿ ಬರುವುದಿಲ್ಲ. ಇನ್ನೊಂದು ಕೆಜಿ ಇಳಿದರೆ ಅಡ್ಮಿಟ್ ಮಾಡಿ, ಮೂಗಿನಿಂದ ಟ್ಯೂಬ್ ಹಾಕುತ್ತಾರಂತೆ. ಗಂಟಲು ಎಂದರೆ ನಡುಗುವವಳಿಗೆ ಗಂಟಲೊಳಗೇ ಟ್ಯೂಬು.

ಪ್ರಾಸ ಹೊಳೆಯುತ್ತಿಲ್ಲ.

ಜುಲೈ 5

ಮಕ್ಕಳ ಮನಸ್ಸಿನ ಡಾಕ್ಟರಮ್ಮ. ಊಟದ ಹೊತ್ತಿನ ವಿಡಿಯೋ ತರಲು ಹೇಳಿದ್ದರು. ಮಗಳನ್ನು ಆಚೆ ಕೂರಿಸಿ, ನಮಗೆ ತೋರಿಸಿದರು.

“ಇಲ್ಲಿ ತಟ್ಟೆ ನೋಡ್ತಿದ್ದಾಳಾ?”

ಇಲ್ಲ. ನನ್ನನ್ನು ನೋಡುತ್ತಿದ್ದಳು. ನಾನು... ಬಾಯಿ ಅರ್ಧ ತೆರೆದು, ಉಸಿರು ಹಿಡಿದು, ಕತ್ತಿನ ನರ ಉಬ್ಬಿಸಿಕೊಂಡು ಕೂತಿದ್ದೆ. ನನ್ನವಳು ನೀರಿನ ಲೋಟ ಹಿಡಿದು ಅರ್ಧ ಎದ್ದಿದ್ದಳು. ಮಗಳು ಚಮಚ ಕೆಳಗಿಟ್ಟಳು.

“ನುಂಗಲಾ ಅಂತ ಕೇಳ್ತಿದ್ದಾಳೆ. ನೀವು ಬೇಡ ಅಂತಿದ್ದೀರ.”

“ನಾನು ಮಾತೇ ಆಡಿಲ್ಲ ಡಾಕ್ಟ್ರೇ!”

“ಮುಖ ಆಡಿದೆಯಲ್ಲ.”

“ಹಾಗಾದ್ರೆ ನಮ್ಮಿಂದಾನೇ...?” ನನ್ನವಳ ದನಿ ಒಡೆಯಿತು.

“ಅಲ್ಲಮ್ಮ. ಶುರು ಮಾಡಿದ್ದು ಸೇಬು. ಹೆದರಿದ್ರೆ ಗಂಟಲು ನಿಜವಾಗ್ಲೂ ಬಿಗಿಯುತ್ತೆ, ಸುಳ್ಳಲ್ಲ, ಹಟ ಅಲ್ಲ. ಬಿಗಿದಿದ್ದಕ್ಕೆ ಮತ್ತೆ ಹೆದರಿಕೆ. ಹಾಗೆ ಸುತ್ತುತ್ತೆ. ಆ ಸುತ್ತಿನೊಳಗೆ ನೀವೂ ಸಿಕ್ಕಿದ್ದೀರ, ಅಷ್ಟೆ.”

ಹೆದರಬೇಡಿ ಎನ್ನಲಿಲ್ಲ. ಹೆದರಿಕೊಂಡೇ ಜೊತೆಗೆ ಕೂತು ತಿನ್ನಿ ಎಂದರು. ಕೆಮ್ಮಿದರೆ ಎದ್ದು ಓಡಬೇಡಿ, ಕೆಮ್ಮಿದರೆ ಗಾಳಿ ಓಡಾಡುತ್ತಿದೆ ಎಂದೇ ಅರ್ಥ.

ಮೈಕಿನ ಮುಂದೆ ಇಪ್ಪತ್ತು ವರ್ಷ ದನಿ ಪಳಗಿಸಿದೆ. ಗೂಡಿನಲ್ಲಿ ಮುಖಕ್ಕೆ ಕೆಲಸವೇ ಇರಲಿಲ್ಲ.

ಜುಲೈ 9, ಸಂಜೆ 7

ಊಟದ ಮೇಜಿನಲ್ಲೇ ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಅವಳ ಕತ್ತನ್ನೇ ನೋಡುತ್ತೇನೆ. ಅವಳ ಮುಂದೆ ಬ್ರೆಡ್ಡಿನ ಚೂರು, ಉಗುರಿನಷ್ಟು. ತಾನೇ ಕೇಳಿ ಹಾಕಿಸಿಕೊಂಡಳು. ನನ್ನ ತಟ್ಟೆಯಲ್ಲೂ ಬ್ರೆಡ್ಡು. ಅತ್ತೆಗೆ ಟಿವಿ ಮುಂದೆ ಡ್ಯೂಟಿ. ನನ್ನವಳು ಲೋಟ ಮುಟ್ಟಬಾರದೆಂದು ಕೈ ಕಟ್ಟಿಕೊಂಡಿದ್ದಾಳೆ.

ಬಾಯಿಗಿಟ್ಟಳು.

ಕೆಮ್ಮು. ಏಳಬಾರದು. ಇನ್ನೊಂದು ಕೆಮ್ಮು — ಜೋರು. ನನ್ನವಳ ಕುರ್ಚಿ ಕಿರ್ರೆಂದಿತು, ಮತ್ತೆ ಕೂತಳು. ಅಕ್ಷರ ಸೊಟ್ಟಗಾಗುತ್ತಿದೆ. ಬರೆಯುತ್ತಲೇ ಇರಬೇಕು.

ಸದ್ದಿಲ್ಲ.

ತಲೆ ಎತ್ತಿದೆ. ಬಾಯಲ್ಲಿ ಚೂರು ಹಾಗೇ ಇದೆ. ಕಣ್ಣು ತುಂಬ ನೀರು. ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಅಲ್ಲಿ ಏನಿದೆಯೋ ನನಗೆ ಕಾಣದು. ನನ್ನ ಬ್ರೆಡ್ಡು ಮುರಿದು ಬಾಯಿಗಿಟ್ಟೆ. ಒಣಗಿದ ಬಾಯಿ... ಅಗಿಯುತ್ತಿದ್ದೇನೆ. ಅವಳ ದವಡೆಯೂ ಅಲುಗಿತು. ಅಗಿಯುತ್ತಿದ್ದಾಳೆ. ಇಬ್ಬರೂ. ಇನ್ನು ನುಂಗಬೇಕು. ಮೊದಲು ನಾನು—