ಆಸಾಡಿ ಇನ್ನೂ ಹುಟ್ಟಿಲ್ಲ

ಗಂಗೊಳ್ಳಿ, ಜ್ಯೇಷ್ಠ ಮಾಸದ ನೂರ ಎಪ್ಪತ್ತನೇ ದಿನ.

ಬಹಳ ಹಿಂದಿನ ಹಿರಿಯರಿಗೆ, ನಿಮ್ಮ ಮರಿಮಕ್ಕಳ ಮರಿಮಗ ವಾಸು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಮ್ಮ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ತಾರೀಕು ಕಂಡು ನನ್ನ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ, ಕೆಟ್ಟಿರುವುದು ಕಡಲು.

ಅದಕ್ಕೆ ನಾವು ನಿಲ್ಗಡಲು ಎನ್ನುತ್ತೇವೆ. ಅದರೊಳಗಿನ ಹರಿವುಗಳು ಒಂದೊಂದಾಗಿ ನಿಂತು, ನೀರು ಬಚ್ಚಲ ಹಂಡೆಯಷ್ಟು ಬಿಸಿಯಾಗಿ, ಮಳೆ ತರುವ ಪಡುವಣ ಗಾಳಿಗೆ ದಾರಿಯೇ ಮರೆತಿದೆ. ಎಲ್ಲೋ ದೂರದ ಮರಳುಗಾಡಿನಲ್ಲಿ ನೆರೆಯಂತೆ; ಇಲ್ಲಿ ಮೋಡವಿಲ್ಲ. ಮಳೆ ಬೀಳದೆ ಆಸಾಡಿ, ಅಂದರೆ ನಿಮ್ಮ ಆಷಾಢ ಮಾಸ, ಹುಟ್ಟಿತೆಂದರೆ ನಂಬುವವರು ಯಾರು? ಹಾಗಾಗಿ ಮೊದಲ ಮಳೆ ಬಿದ್ದು ತಿಂಗಳುಗಾರನು ಡೋಲು ಬಾರಿಸುವ ತನಕ ನಮ್ಮಲ್ಲಿ ತಿಂಗಳು ಮಗುಚುವುದಿಲ್ಲ, ಬಿತ್ತನೆಯೂ ಇಲ್ಲ. ಆ ಘನ ಹುದ್ದೆಯಲ್ಲಿರುವವನು ನಾನೇ. ಡೋಲು ಬೇರೆಯವರ ಬಳಿ ಇದ್ದರೆ ಈ ತರಲೆ ಕದ್ದು ಬಾರಿಸುತ್ತಾನೆಂದು ನಮ್ಮ ಊರಿನ ಯಜಮಾನರಾದ ಗುರಿಕಾರರು ಯೋಚಿಸಿ ನನಗೇ ಕೊಟ್ಟರು.

ಬಂಗುಡೆ ಮೀನುಗಳು ತಣ್ಣೀರು ಹುಡುಕಿ ದೂರ ಹೋಗಿವೆ. ಅವುಗಳ ಹಿಂದೆ ಅಕ್ಕಣಿ ದೊಡ್ಡಮ್ಮನ ಮಗ ಶೇಷು ದೋಣಿ ಒಯ್ದ. ಆಸಾಡಿಗೆ ಮೊದಲು ಬರುತ್ತೇನೆ ಎಂದಿದ್ದ. ಆಸಾಡಿ ಹುಟ್ಟಿದರೂ ಮರಳದವನಿಗೆ ದಡದಲ್ಲೇ ಉತ್ತರಕ್ರಿಯೆ ಮಾಡಿ ಮುಗಿಸುವುದು ನಮ್ಮ ಪದ್ಧತಿ. ತಿಂಗಳು ಮಗುಚಿಲ್ಲವಾದ್ದರಿಂದ ಶೇಷು ತಡಮಾಡಿದವನೂ ಅಲ್ಲ, ಸತ್ತವನೂ ಅಲ್ಲ. ದೊಡ್ಡಮ್ಮ ದಿನವೂ ಅವನ ಪಾಲಿನ ಗಂಜಿ ಎತ್ತಿಡುತ್ತಾಳೆ.

ಇಂದು ಬೆಳಿಗ್ಗೆ ಮಳೆ ಬಂತು. ಗಾಳಿಯಿಲ್ಲ, ಗುಡುಗಿಲ್ಲ, ಗಂಜಿತಿಳಿಯಷ್ಟು ಬಿಸಿಯಾದ ಹನಿಗಳು ನೆಟ್ಟಗೆ ಇಳಿದವು. ನಾನು ಡೋಲು ಹೊತ್ತು ಕುಣಿಯುತ್ತ ಹೊರಬಿದ್ದೆ. ಊರೆಲ್ಲ ಅಂಗಳದಲ್ಲಿ ತೊಯ್ದು ತೊಪ್ಪೆಯಾಗಿ ನಿಂತಿತ್ತು, ಒಬ್ಬರೂ ತಲೆಯೆತ್ತಲಿಲ್ಲ. ದೊಡ್ಡಮ್ಮ ಬಂದು ನನ್ನ ಕೈ ಹಿಡಿದಳು.

"ಇದ್ ಮಳಿ ಅಲ್ಲ ಮಾಣಿ. ಶೇಷು ಇನ್ನೂ ಬರ್ಲಿಲ್ಲ ಅಲ್ದಾ?"

ನಾನು ಗುರಿಕಾರರ ಮುಖ ನೋಡಿದೆ. ಅವರ ಮೀಸೆಯಿಂದ ನೀರು ಸೋರುತ್ತಿತ್ತು.

"ಹೌದ್ ಮಾರಾಯ," ಎಂದರು ಅವರು. "ತೆಂಗಿನ್ ಮರ ಬೆವರ್ತಿತ್ತ್."

ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ಅದು ಊರಿಗೆ ಹೊಸದು. ಹೆಂಗಸರು ಸುರಿಯುವ ಮಳೆಯಲ್ಲೇ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರು.

ಹಿರಿಯರೇ, ನಿಮ್ಮ ಕಡಲು ಇನ್ನೂ ಹರಿಯುತ್ತಿದೆಯಂತೆ. ದಯವಿಟ್ಟು ಅದನ್ನು ಕಾಯಿಸಬೇಡಿ. ನನ್ನ ವಿಜ್ಞಾಪನೆ ಇಷ್ಟೇ. ಇಲ್ಲಿ ಬಿತ್ತನೆಯ ಭತ್ತ ಕಡಲ ಹಬೆಗೆ ಮೂಟೆಯೊಳಗೇ ಮೊಳೆತು ನಾರುತ್ತಿದೆ; ಆ ನಾತವೂ ಯಾರ ಮೂಗಿಗೂ ಬಡಿಯುತ್ತಿಲ್ಲ. ಮಳೆ ನಿಂತಿಲ್ಲ. ಹನಿಗಳೇ ಬಾರಿಸಿಬಿಟ್ಟಾವೆಂದು ಡೋಲಿನ ಮೇಲೆ ಕಂಬಳಿ ಹೊದಿಸಿ, ಅದರ ಮೇಲೆ ಕವುಚಿ ಕೂತು ಇದನ್ನು ಬರೆಯುತ್ತಿದ್ದೇನೆ.