ಸವ್ವಾ ತಿಂಗಳು

ಫೆಬ್ರುವರಿ 4, 2025. ಮಂಗಳವಾರ. ಅಕ್ಕಲಕೋಟ

ಇವರು ಬೆಳಗಿನ ಎಸ್‌ಟಿ ಬಸ್ಸಿಗೆ ಸೊಲ್ಲಾಪುರಕ್ಕೆ ಹೋದರು. ಅಪೀಲಿನ ಕೆಲಸಕ್ಕೆ, ವಕೀಲರ ಕಡೆ. ಡಬ್ಬಿಗೆ ಜೋಳದ ಭಕ್ಕರಿ, ಶೇಂಗಾ ಚಟ್ನಿ. ಬಿಪಿ ಗುಳಿಗೆ ಮರೆತಿದ್ದರು. ಸ್ಟ್ಯಾಂಡಿಗೆ ಓಡಿಹೋಗಿ ಕೊಟ್ಟು ಬಂದೆ.

ಸಂಜೆ ಬಂದಾಗ ಮುಖ ಹಗುರಾಗಿತ್ತು. ಕೈಕಾಲು ತೊಳೆಯುವ ಮೊದಲೇ ಮಾತಿಗೆ ಕೂತರು.

"ಸಾಲ ಮುಳುಗಿತು ಅಂದಕೂಡ್ಲೆ ಬ್ಯಾಂಕ್ ಮ್ಯಾನೇಜರ್ ಕಳ್ಳ ಆಗಂಗಿಲ್ಲಂತ, ನೀಲಾ. ಲಂಚ ತಿಂದದ್ದು ತೋರಸಬೇಕು. ಇಲ್ಲಾ, ಗೊತ್ತಿದ್ದೇ ಮೋಸ ಮಾಡಿದ್ದು ತೋರಸಬೇಕು. ಹೈಕೋರ್ಟು ಹಂಗ ನೋಡ್ತದಂತ."

"ಮತ್ತ ಇಲ್ಲಿ ಕೋರ್ಟು ಯಾಕ ಮೂರು ವರ್ಷ ಶಿಕ್ಷಾ ಕೊಡ್ತು?"

"ನಾ ಸಾಲ ಕೊಟ್ಟಾಗ ಟಾವೆಲ್ ಕಾರ್ಖಾನಿ ನಡೆದಿತ್ತು. ಅವರು ನೋಡಿದ್ದು ಕೀಲಿ ಹಾಕಿದ ಮ್ಯಾಲ." ನಕ್ಕರು. "ನಾ ತಿಂದಿದ್ರ ನೀ ಇಷ್ಟು ತೆಳ್ಳಗ ಇರ್ತಿದ್ದೇನ?"

ಕೇಸು ಶುರುವಾದ ಆರು ವರ್ಷದಲ್ಲಿ ಮೊದಲ ನಗು.

ಫೆಬ್ರುವರಿ 21. ಕರಜಗಿ

ಒಂಬತ್ತನೇ ತಾರೀಖು ಇವರು ಹೋಗಿಬಿಟ್ಟರು. ಬೆಳಗ್ಗೆ. ಚಹಾ ಕಪ್ಪು ಕೈಯಲ್ಲೇ ಇತ್ತು.

ಅತ್ತೆಯ ಮನೆಯಲ್ಲಿದ್ದೇನೆ. ಗಂಡ ಹೋದವಳು ಸವ್ವಾ ತಿಂಗಳು ಹೊಸ್ತಿಲು ದಾಟಬಾರದು — ಒಂದು ತಿಂಗಳು, ಮೇಲೆ ಎಂಟು ದಿನ. ಮಣ್ಣಿಗೆ ಬಂದವರಲ್ಲಿ ಯಾರೋ ಗೋಡೆಯಾಚೆ ಅಂದದ್ದು ಕೇಳಿತು. "ತಿಂದ ರೊಕ್ಕ ದಕ್ಕಲಿಲ್ಲ ನೋಡು."

ಅದೊಂದು ಮಾತು ಅಳಿಸಿದರೆ ಸಾಕು. ಬೇರೇನೂ ಬೇಡ.

ಫೆಬ್ರುವರಿ 25. ಮಂಗಳವಾರ

ವಕೀಲರ ಗುಮಾಸ್ತ ಧೂಳಪ್ಪ ಬಂದಿದ್ದರು. ಬಾಗಿಲಲ್ಲೇ ನಿಂತು ಹೇಳಿದರು. ಇವರು ಇಲ್ಲದ ಮೇಲೆ ಅಪೀಲು ತಾನೇ ಬಿದ್ದುಹೋಗುತ್ತದೆ. ಉಳಿಯಬೇಕಾದರೆ, ಮುಂದೆ ನಡೆಸುತ್ತೇನೆ ಅಂತ ನಾನು ಕೇಳಬೇಕು.

"ಸಾಹೇಬ್ರು ಹೋದ ಮೂವತ್ತು ದಿನದಾಗ ಆಗಬೇಕ್ರಿ. ವೈನಿಯವರದು ಒಂದು ಸಹಿ, ಅಷ್ಟೇ."

ಅತ್ತೆ ಎದ್ದು ಅಡ್ಡ ನಿಂತರು. "ನನ್ನ ಮಗ ಹೋದಮ್ಯಾಲೂ ಕೋರ್ಟಿಗೆ ಎಳೀತೀರೇನು? ಸಾವಿನ ಮನಿಯೊಳಗ ಆ ಕಾಗದ ತರಬ್ಯಾಡ್ರಿ. ಸವ್ವಾ ತಿಂಗಳು ಮುಗೀಲಿ, ಅಕಿನೇ ಬರ್ತಾಳ."

ಧೂಳಪ್ಪ ನೀರೂ ಕುಡಿಯದೆ ಹೋದರು. ನಾನು ಒಳಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಏಳಲಿಲ್ಲ. ಆರು ವರ್ಷ ಬರೀ ತಾರೀಖು ಕೊಟ್ಟ ಕೋರ್ಟು... ಎಂಟು ದಿನ ತಡೆಯಲಾರದೇ ಅಂದುಕೊಂಡೆ.

ಮಾರ್ಚ್ 19. ಬುಧವಾರ. ಸೊಲ್ಲಾಪುರ

ಸವ್ವಾ ತಿಂಗಳು ನಿನ್ನೆಗೆ ಮುಗಿಯಿತು. ಮೊದಲ ಎಸ್‌ಟಿ ಹಿಡಿದೆ. ಕಿಟಕಿ ಪಕ್ಕ ಕೂತೆ, ಇವರು ಕೂರುತ್ತಿದ್ದ ಕಡೆ.

ಅಂಬಾದಾಸ ವಕೀಲರು ಕ್ಯಾಲೆಂಡರ್ ಮೇಲೆ ಬೆರಳಿಟ್ಟು ದಿನ ಎಣಿಸಿದರು.

"ಹನ್ನೊಂದಕ್ಕ ಮೂವತ್ತು ದಿನ ಮುಗೀತು, ವೈನಿ. ಎಂಟು ದಿನ ತಡಾ ಆತು."

ಮೇಜಿನ ಮೇಲೆ ಒಂದು ತೀರ್ಪಿನ ಪ್ರತಿ ಇತ್ತು. ಬೇರೊಬ್ಬ ಮ್ಯಾನೇಜರನದು. ಸಾಲ ಮುಳುಗಿದ್ದಷ್ಟೇ ಗುನ್ಹೆ ಅಲ್ಲ ಅಂತ ಅವನನ್ನು ಬಿಟ್ಟಿದ್ದಾರೆ.

"ನಮ್ಮ ಕೇಸಿಗೆ ಅಳತಿ ತಗೊಂಡು ಹೊಲಿದಂಗ ಅದ. ತೊಡಸಾಕ ಮನುಷ್ಯಾ ಇಲ್ಲ."

"ಹಂಗಾದ್ರ ಇವರ ಹೆಸರು?"

"ಕೆಳಗಿನ ಕೋರ್ಟು ಬರದದ್ದೇ ಉಳೀತದ." ಕನ್ನಡಕ ತೆಗೆದರು. "ತಡಾ ಮಾಫ್ ಮಾಡ್ರಿ ಅಂತ ಅರ್ಜಿ ಹಾಕೂಣು. ಆಸೆ ಇಟ್ಕೋಬ್ಯಾಡ್ರಿ. ಯಾಕ ತಡಾ ಆತು ಅಂತ ಬರಕೊಂಡು ಬರ್ರಿ. ಅತ್ತಿ ಬಿಡಲಿಲ್ಲ ಅಂತ ಬರೀರಿ, ಬೇಕಾದ್ರ."

ಮಾರ್ಚ್ 20. ಕರಜಗಿ. ಮಧ್ಯಾಹ್ನ

ಅತ್ತೆ ಊಟಕ್ಕೆ ಕೂತು ಕೇಳಿದರು. "ಸಹಿ ಆತೇನವ್ವಾ? ನನ್ನ ಮಗನ ಹೆಸರು ಛಲೋ ಆಗ್ತದಲ್ಲ?"

"ಆಗ್ತದ್ರಿ, ಅತ್ತಿ."

ಇವತ್ತು ಎರಡು ಭಕ್ಕರಿ ಉಂಡರು. ಇಷ್ಟು ದಿನ ಅರ್ಧವೂ ಇಳಿಯುತ್ತಿರಲಿಲ್ಲ.

ತಡಕ್ಕೆ ಕಾರಣ ಬರೆಯುತ್ತ ಮೂರು ಹಾಳೆ ಹರಿದೆ. ಅತ್ತೆಯ ಹೆಸರು ಬರೆಯಲಾರೆ. ಬರೆಯಬೇಕಾದದ್ದು ಇಷ್ಟೇ — ಧೂಳಪ್ಪ ಬಂದ ದಿನ ನಾನು ಮನೆಯಲ್ಲೇ ಇದ್ದೆ. ಮೂವತ್ತು ದಿನ ಅಂದದ್ದು ಕೇಳಿಸಿತ್ತು. ಬಾಗಿಲಿಗೆ ಹತ್ತು ಹೆಜ್ಜೆ. ಮೊರ ಕೆಳಗಿಟ್ಟು, ನಾನು ಏಳಬಹುದಿತ್ತು. ಏಳಲಿಲ್ಲ.