ಹಣೆ ಹಿಡಿಯುವ ಕೈ

ಅಕ್ಕಾ,

ನೀನು ಹೋದ ಮೇಲೆ ನನ್ನ ಪ್ರತಾಪ ಕೇಳುವವರೇ ಇಲ್ಲ. ಅದಕ್ಕೇ, ಯಾವ ಅಂಚೆ ಡಬ್ಬಕ್ಕೂ ಹಾಕದ ಈ ಕಾಗದ.

ಮೊನ್ನೆ ರಾಜಗೋಪಾಲನಗರದ ಆಸ್ಪತ್ರೆಯಲ್ಲಿ ನನಗೆ ಹರ್ನಿಯಾ ಆಪರೇಷನ್ ಆಯಿತು. "ನಮ್ಮಂತೋರ್ಗೆ ನೋವಿನ ಇಂಜೆಕ್ಷನ್ ಯಾಕೆ ಡಾಕ್ಟ್ರೇ, ಪುಕ್ಕಲರಿಗೆ ಇಕ್ಕಿ" ಅಂದೆ. ಅವರು ನಗುತ್ತಲೇ ನೋವಿಗೂ ವಾಂತಿಗೂ ಸೇರಿಸಿ ಚುಚ್ಚಿದ್ದರು. ಎಚ್ಚರವಾದಾಗ ಎರಡೂ ಇರಲಿಲ್ಲ.

ಆಗ, ಚಿಕ್ಕಂದಿನಲ್ಲಿ ನಾವು ಮಾಕಳಿಯಿಂದ ಪೇಟೆಗೆ ಹೋಗುತ್ತಿದ್ದ ಬಸ್ಸು ನೆನಪಾಯಿತು. ಹೊಟ್ಟೆ ತೊಳಸಿದಾಗಲೆಲ್ಲ ನೀನು ನನ್ನನ್ನು ಕಿಟಕಿಗೆ ಬಾಗಿಸಿ, ಹಣೆಯನ್ನು ಅಂಗೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಆ ಕೈಯ ಆಸೆಗೆ ಎಷ್ಟೋ ಸಲ ಸುಮ್ಮಸುಮ್ಮನೆ ಓಕರಿಸಿದ್ದೇನೆ. "ಕಳ್ಳ, ಗೊತ್ತು ಕಣ್ಲಾ ನಿನ್ನಾಟ" ಅಂತ ನೀನು ಅನ್ನುತ್ತಿದ್ದೆ. ಕೈ ಮಾತ್ರ ತೆಗೆಯುತ್ತಿರಲಿಲ್ಲ.

ಮೊನ್ನೆಯೂ ಅದೇ ಆಟ ಹೂಡಿದೆ. ಬಿಜಾಪುರದ ಕಡೆಯ ನರ್ಸ್ ಸುಮಂಗಲಾ ಓಡಿ ಬಂದು ವಾಂತಿಯ ಟ್ರೇಯನ್ನು ನನ್ನ ಕೈಗೇ ಕೊಟ್ಟಳು.

"ಕಾಕಾ, ಇಂಜೆಕ್ಷನ್ ಹಾಕೀವ್ರಿ. ವಾಂತಿ ಬರಂಗಿಲ್ಲ, ನಾಟಕ ಮಾಡಬ್ಯಾಡ್ರಿ."

"ಒಂದ್ಸಲ ಅಣೆ ಇಡ್ಕೊಳಮ್ಮ, ಸಾಕು."

ಅವಳು ಹಣೆಗೆ ಕೈಯ ಹಿಂಬದಿ ತಾಗಿಸಿ ನೋಡಿದಳು. "ಜ್ವರಾನೂ ಇಲ್ರಿ," ಎಂದು ಪಕ್ಕದ ಮಂಚಕ್ಕೆ ಹೋದಳು. ಎಷ್ಟು ಒಳ್ಳೆಯ ಹುಡುಗಿ.

ಅಕ್ಕಾ, ನಿನಗೆ ಆಪರೇಷನ್ ಆದ ದಿನ ನಾನು ಪೀಣ್ಯದ ಫ್ಯಾಕ್ಟರಿಯ ಶಿಫ್ಟಿನಲ್ಲಿದ್ದೆ. ಮರುದಿನ ಬಂದಾಗ, "ರಾತ್ರಿಯೆಲ್ಲ ಬರೀ ವಾಂತಿ ಕಣ್ಲಾ," ಎಂದು ನೀನು ನಕ್ಕೆ. ನಾನೂ ನಕ್ಕು, ತಂದಿದ್ದ ಎಳನೀರನ್ನು ಲೋಟಕ್ಕೆ ಬಗ್ಗಿಸಿದೆ. ನಿನ್ನ ಹಣೆಯನ್ನು ಯಾರು ಹಿಡಿದುಕೊಂಡಿದ್ದರು?

ನಿನ್ನ ಕಳ್ಳ ತಮ್ಮ,
ಮುನಿಯಣ್ಣ